ಒಲೆಯ ಬಳಿಯ ಕಲ್ಲು

ಕೊಲ್ಪಪಂಪ, ಆಯಕುಚೊ
೧೯೮೬ನೇ ಆಗಸ್ಟ್ ೧೭, ಭಾನುವಾರ ಮಧ್ಯಾಹ್ನ

ನನ್ನ ಸಾತುಕಾ, ನನ್ನ ಒಬ್ಬಳೇ ತಂಗಿ,

ಬೈದುಬಿಡು. ಬೈದು ಮುಗಿಸಿ ಆಮೇಲೆ ಓದು. ಗುರುವಾರವೂ ಶುಕ್ರವಾರವೂ ಬಸ್ಸು ಬಂದು ನಿಲ್ಲುವ ಕಡೆ ನೀನು ಕಾದಿರುತ್ತೀಯ, ಇಳಿದವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿರುತ್ತೀಯ, ನನಗೆಂದು ಬೇಯಿಸಿ ತಂದಿದ್ದ ಆಲೂಗಡ್ಡೆಯನ್ನು ಕೊನೆಗೆ ನೀನೇ ತಿಂದು ಅಳುತ್ತ ಮನೆಗೆ ಹೋಗಿರುತ್ತೀಯ. ನಿನ್ನನ್ನು ನಾನು ಬಲ್ಲೆ. ನಾನು ಸತ್ತಿಲ್ಲ, ಕೈಕಾಲು ನೆಟ್ಟಗಿವೆ. ಮಂಗಳವಾರ ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೊರಟದ್ದೂ ನಿಜ, ಅದೇ ದಿನ ಸಂಜೆ ಮನೆಗೆ ವಾಪಸು ಬಂದದ್ದೂ ನಿಜ.

ಈ ತಿಂಗಳ ಕೊನೆಯ ಭಾನುವಾರ ಮನೆಜಾಗ ಹಂಚುವ ನಿಮ್ಮ ಸಮಿತಿಯವರು ಹಾಜರಿ ಕೂಗುತ್ತಾರೆ, ‘ಫೊರ್ತುನಾತಾ ಕಿಕಾನ್ಯೊ’ ಎಂದಾಗ ನಾನೇ ನಿಂತು ‘ಇದೀನಿ’ ಎನ್ನದಿದ್ದರೆ ಆ ಮರಳಿನ ತುಂಡು ಬೇರೆಯವರ ಪಾಲಾಗುತ್ತದೆ ಎಂದು ನೀನು ಮೂರು ಕಾಗದಗಳಲ್ಲಿ ಬರೆದಿದ್ದೀಯ. ನಾಲ್ಕು ಚಾಪೆಯ ಗೋಡೆ ನಿಲ್ಲಿಸಿಕೊಂಡು, ನನ್ನ ಹೆಸರಿನಲ್ಲಿ ನಾಲ್ಕು ತಿಂಗಳು ಕಾವಲು ಮಲಗಿದವಳು ನೀನು. ಲೀಮಾದ ಆ ಮಂಜಿನಲ್ಲಿ ನಿನಗೆ ಕೆಮ್ಮು ಹಿಡಿದದ್ದೂ ನನಗೆ ಗೊತ್ತು. ಅಷ್ಟೆಲ್ಲ ಮಾಡಿದ ಮೇಲೆ ನಾನು ಬರುವುದಿಲ್ಲ ಎಂದು ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಬರುವುದಿಲ್ಲ.

ಯಾಕೆ ಹೊರಟಿದ್ದೆ ಎಂಬುದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ತಿಂಗಳಲ್ಲಿ, ಸರ್ಕಾರದ ಮೇಲೆ ಬಂದೂಕು ಎತ್ತಿದ ಆ ಬೆಟ್ಟದವರು ಇಳಿದು ಬಂದು ನಮ್ಮ ಊರ ಮುಖಂಡನನ್ನು ಅವನ ಮನೆ ಬಾಗಿಲಲ್ಲೇ ಕೊಂದರು. ಅವರು ಹೋದ ಮೂರನೇ ದಿನ ಸೈನಿಕರು ಬಂದರು. ಬೆಟ್ಟದವರಿಗೆ ಊಟ ಹಾಕಿದವರು ಯಾರು ಎಂದು ಕೇಳಿ ನಾಲ್ಕು ಜನರನ್ನು ಎಳೆದುಕೊಂಡು ಹೋದರು. ಊಟ ಹಾಕದಿದ್ದರೆ ಅವರು ಕೊಲ್ಲುತ್ತಾರೆ, ಹಾಕಿದರೆ ಇವರು ಕೊಲ್ಲುತ್ತಾರೆ. ನಾಯಿ ಬೊಗಳಿದರೂ ಒಲೆಯ ಬೆಂಕಿ ಆರಿಸಿಬಿಡುತ್ತೇನೆ.

ಇಂಥದ್ದರಲ್ಲಿ ನನ್ನ ಗಂಡ ಹಾಡುತ್ತಾನೆ! ಸೂರಿಗೆ ಹುಲ್ಲು ಹೊದಿಸುವಾಗ ಹಾಡುತ್ತಾನೆ, ಆಲೂಗಡ್ಡೆ ಅಗೆಯುವಾಗ ಹಾಡುತ್ತಾನೆ, ಸೂಪಿನ ಬಟ್ಟಲು ಕೈಗೆ ಕೊಟ್ಟರೆ ಅದರ ಮೇಲೂ ಬಗ್ಗಿ ಗುನುಗುತ್ತಾನೆ. “ಸೆನೋಬಿಯೊ, ನಿಂಗೆ ಭಯಾನೇ ಆಗಲ್ವಾ?” ಎಂದರೆ, “ಆಗುತ್ತೆ ಕಣೇ, ಆದ್ರೆ ಅವನು ಜೊತೇಲಿದಾನಲ್ಲ” ಎಂದು ಮೇಲೆ ನೋಡಿ ನಗುತ್ತಾನೆ. ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಒಬ್ಬರಿಗೆ ಹೊಟ್ಟೆನೋವು ಬಂದಿರುವಾಗ ಎದುರಿಗೆ ಕೂತು ಗಡದ್ದಾಗಿ ಉಣ್ಣುವವರನ್ನು ಕಂಡರೆ ಹೇಗಾಗುತ್ತದೋ ಹಾಗೆ.

ಆರು ವರ್ಷದ ಹಿಂದೆ ದಡಾರ ಬಂದು ಒಂದೇ ವಾರದಲ್ಲಿ ನನ್ನ ಇಬ್ಬರು ಮಕ್ಕಳೂ ಹೋದರಲ್ಲ, ಆ ವರ್ಷವೇ ಅವನು ಹಲ್ಲೆಲುಯ್ಯದವರ ಪ್ರಾರ್ಥನಾಮಂದಿರ ಸೇರಿದ್ದು. ಕುಡಿಯುವುದನ್ನು ಬಿಟ್ಟ, ಹೊಡೆಯುವುದನ್ನು ಬಿಟ್ಟ. ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಅಳುವುದನ್ನೂ ಬಿಟ್ಟುಬಿಟ್ಟ. ಮನೆಯ ಅಳು ಪೂರ್ತಿ ನನ್ನ ಪಾಲಿಗೇ ಬಂತು. ಮಕ್ಕಳು ಸ್ವಾಮಿಯ ಹತ್ತಿರ ಚೆನ್ನಾಗಿದ್ದಾರೆ ಎನ್ನುತ್ತಾನೆ. ನನ್ನ ಹತ್ತಿರ ಚೆನ್ನಾಗಿರಲಿಲ್ಲವೇ ಎಂದು ನಾನು ಕೇಳುತ್ತೇನೆ. ಹಾಗಾಗಿ ನಾನು ಮಂದಿರದ ಒಳಗೆ ಕಾಲಿಡಲಿಲ್ಲ. ಮನೆಯಲ್ಲಿ ಒಬ್ಬಳೇ ಕೂರಲು ಧೈರ್ಯವೂ ಇಲ್ಲ. ಪ್ರತಿ ಭಾನುವಾರ ಹೊರಗೆ, ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಕದಿರು ಹಿಡಿದು ಉಣ್ಣೆ ನೂಲುತ್ತ ಕೂತಿರುತ್ತಿದ್ದೆ. ಆರು ವರ್ಷ ಅವರ ಹಾಡುಗಳನ್ನೆಲ್ಲ ಬೆನ್ನಿನಿಂದಲೇ ಕೇಳಿದೆ.

ಬಾಗಿಲನ್ನು ಅವರು ಯಾವಾಗಲೂ ತೆಗೆದೇ ಇಡುತ್ತಾರೆ, ಹಾಡುವುದೂ ಗಂಟಲು ಹರಿಯುವಷ್ಟು ಜೋರಾಗಿ. ಬಾಗಿಲು ಹಾಕಿ ಮೆಲ್ಲಗೆ ಮಾತಾಡಿದರೆ ಎರಡು ಕಡೆಯವರಿಗೂ ಸಂಶಯ ಬರುತ್ತದೆ. ಓದು ಬರುವವರು ಕಡಿಮೆ. ಒಬ್ಬ ನಿಂತು ಒಂದೊಂದೇ ಸಾಲು ಹೇಳಿಕೊಡುತ್ತಾನೆ, ಉಳಿದವರು ಅದನ್ನೇ ಎತ್ತಿಕೊಂಡು ಹಾಡುತ್ತಾರೆ. ಹಾಡು ಕಟ್ಟುವುದೂ ಅವರವರೇ, ಅವರವರ ಕಷ್ಟದ ಮೇಲೆ. ಹಸು ಕಳೆದವನದು ಒಂದು ಹಾಡು, ಮಗ ಕಾಣೆಯಾದವಳದು ಒಂದು. ನನ್ನ ಗಂಡ ಕಟ್ಟಿದ್ದು ಯಾರ ಮೇಲೆ ಹೇಳು? ನನ್ನ ಮೇಲೆ!

ನನ್ನ ಮನೆಯ ಒಲೆಯ ಬಳಿ ಕಲ್ಲೊಂದು ಕೂತಿದೆ, ಸ್ವಾಮಿ,
ಎಷ್ಟು ಬೆಂಕಿ ಹಚ್ಚಿದರೂ ಬೆಚ್ಚಗಾಗದು.
ನಿನ್ನ ಕೈಯ ಒಮ್ಮೆ ಇಡು, ಹೆಚ್ಚೇನೂ ಬೇಡ, ಸ್ವಾಮಿ,
ಕಲ್ಲಿಗೂ ಹೆಸರೊಂದಿದೆ, ನಿನಗೆ ಗೊತ್ತದು.

ಊರಿಗೆಲ್ಲ ಗೊತ್ತು ಯಾವ ಕಲ್ಲೆಂದು. ಮೂವತ್ತು ಜನ ಕಣ್ಣು ಮುಚ್ಚಿ, ಮೂಗು ಸೀಟುತ್ತ, ಕರಗಿ ಕರಗಿ ಹಾಡುತ್ತಾರೆ. ನಾನು ಗೋಡೆಯ ಈಚೆ ಹಲ್ಲು ಕಡಿಯುತ್ತ ನೂಲುತ್ತೇನೆ. ಆ ದಿನಗಳ ನೂಲು ಒಂದೂ ಸಮವಾಗಿ ಬಂದಿಲ್ಲ.

ಧಾಟಿಯೂ ಅವನದಲ್ಲ. ಲಿಯೊನ್ಸಿಯೊ ಯುಪಾರಿ ನಿನಗೆ ನೆನಪಿರಬೇಕು, ನಿನ್ನ ಮದುವೆಯಲ್ಲಿ ಎರಡು ಹಗಲು ಹಾರ್ಪ್ ನುಡಿಸಿದವನು. ಜೋಳದ ಹೆಂಡ ಚಿಚಾದ ಮೇಲೆ ಅವನ ಕುಡಿತದ ಹಾಡೊಂದಿದೆಯಲ್ಲ, ‘ನನ್ನ ಮನೆಯ ಒಲೆಯ ಬಳಿ ಮಡಕೆಯೊಂದು ಕೂತಿದೆ, ಗೆಳತಿ, ಎಷ್ಟು ಸಲ ಬಗ್ಗಿಸಿದರೂ ಬರಿದಾಗದು’, ಅದನ್ನೇ ಎತ್ತಿ ನನ್ನ ಗಂಡ ಮಡಕೆ ಇದ್ದ ಕಡೆ ಕಲ್ಲು ಕೂರಿಸಿದ, ಗೆಳತಿ ಇದ್ದ ಕಡೆ ಸ್ವಾಮಿಯನ್ನು ಕೂರಿಸಿದ. ಲಿಯೊನ್ಸಿಯೊ ಮಂದಿರದ ಮುಂದೆ ಹಾದುಹೋಗುವಾಗೆಲ್ಲ ಕೂಗುತ್ತಿದ್ದ, “ಸೆನೋಬಿಯೊ, ಹಾಡು ಕದ್ದಿದ್ದು ಹೋಗ್ಲಿ, ಮಡಕೇಲಿದ್ದ ಚಿಚಾನೂ ಚೆಲ್ಲಿಬಿಟ್ಟೆಯಲ್ಲೋ ಪಾಪಿ!” ಇವನು ಒಳಗಿನಿಂದಲೇ, “ನೀನೂ ಬಾರೋ, ಬಾಗಿಲು ತೆಗ್ದೇ ಇದೆ” ಎನ್ನುತ್ತಿದ್ದ. ಹೊರಗೆ ಕೂತ ನನ್ನನ್ನು ಕಂಡರೆ, “ಏನ್ ಕಲ್ಲಮ್ಮಾ, ಬಿಸಿಲಿಗಾದ್ರೂ ಬೆಚ್ಚಗಾದ್ಯಾ?” ಎಂದು ಕೆಣಕುತ್ತಿದ್ದ. ಈ ಊರಿನಲ್ಲಿ ನನ್ನನ್ನು ನಗಿಸುತ್ತಿದ್ದವನು ಆ ಕುಡುಕನೊಬ್ಬನೇ ಎಂದರೆ ನಂಬು.

ಮಂಗಳವಾರ ಗಂಡ ಹೊಲಕ್ಕೆ ಹೋದ ಮೇಲೆ ಗಂಟು ಕಟ್ಟಿದೆ. ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಮಂಡಿಯೂರಿ ಪ್ರಾರ್ಥನೆ ಶುರುಮಾಡುತ್ತಿದ್ದ, ನಾನು ಲಾರಿ ತಪ್ಪಿಸಿಕೊಳ್ಳುತ್ತಿದ್ದೆ. ಲಾರಿಯಲ್ಲಿ ಹದಿನಾಲ್ಕು ಜನ, ಮೂರು ಕುರಿ. ಲಿಯೊನ್ಸಿಯೊನೂ ಇದ್ದ, ಕನ್ಯಾಮಾತೆಯ ಹಬ್ಬಕ್ಕೆ ನುಡಿಸಲು ಹಾರ್ಪನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟಿದ್ದ. “ಅಯ್ಯೋ, ಕಲ್ಲೂ ಲಾರಿ ಹತ್ತಿಬಿಡ್ತಲ್ಲಪ್ಪಾ!” ಎಂದ. ಆಮೇಲೆ ನನ್ನ ಗಂಟಿನ ಗಾತ್ರ ನೋಡಿದ. ಅರ್ಥವಾಯಿತು. ಒಂದು ಹಿಡಿ ಹುರಿದ ಜೋಳ ನನ್ನ ಕೈಗೆ ಹಾಕಿದ.

ಕಣಿವೆಯ ತುದಿಯಲ್ಲಿ ಸೈನಿಕರು ಲಾರಿ ತಡೆದರು. ಹಿಂದಿನ ದಿನ ಅದೇ ದಾರಿಯಲ್ಲಿ ಬೆಟ್ಟದವರು ಅವರ ಇಬ್ಬರನ್ನು ಕೊಂದಿದ್ದರಂತೆ, ಸೈನಿಕರ ಕಣ್ಣು ಕೆಂಡವಾಗಿತ್ತು. ಎಲ್ಲರನ್ನೂ ಇಳಿಸಿ ಸಾಲಾಗಿ ನಿಲ್ಲಿಸಿದರು. ಅಧಿಕಾರಿ ಕರಾವಳಿ ಕಡೆಯವನು, ನಮ್ಮ ಮಾತು ಬಾರದು. ಪಕ್ಕದಲ್ಲಿ ನಮ್ಮ ಮಾತು ಬಲ್ಲ ಒಬ್ಬ ಸಾರ್ಜೆಂಟ್. ಹಲ್ಲೆಲುಯ್ಯದವರು ಬೆಟ್ಟದವರ ಜೊತೆ ಸೇರುವುದಿಲ್ಲ ಎಂದು ಸೈನಿಕರಿಗೊಂದು ನಂಬಿಕೆ. “ಹಲ್ಲೆಲುಯ್ಯದವ್ರು ಎಡಕ್ಕೆ, ಉಳಿದವ್ರು ಬಲಕ್ಕೆ!” ಎಂದು ಸಾರ್ಜೆಂಟ್ ಕೂಗಿದ. ಹದಿನಾಲ್ಕು ಜನವೂ ಎಡಕ್ಕೆ ಹೋದೆವು. ಹಲ್ಲೆಲುಯ್ಯದವರು ಒಪ್ಪದ ಮಾತೆಯ ಹಬ್ಬಕ್ಕೆ ಮೇಣದಬತ್ತಿ ಹೊತ್ತಿದ್ದ ಮುದುಕಿಯೂ ಎಡಕ್ಕೇ ಬಂದಳು. ಅಧಿಕಾರಿ ನಕ್ಕ. ಸಾರ್ಜೆಂಟ್ ಅವನ ಮಾತನ್ನು ನಮಗೆ ಹೇಳಿದ: “ದೇವರ ಮಹಿಮೆ ನೋಡಿ, ಇಡೀ ಲಾರೀನೇ ಉದ್ಧಾರ ಆಗ್ಬಿಟ್ಟಿದೆ! ಸರಿ, ಹಾಡಿ ಕೇಳೋಣ. ಹಾಡೋಕೆ ಬರ್ದೇ ಇದ್ದೋರು ಇಲ್ಲೇ ಇರ್ತಾರೆ.”

ಯಾರಿಗೂ ಒಂದು ಸಾಲೂ ಬರದು. ಎಲ್ಲರೂ ನನ್ನ ಮುಖ ನೋಡಿದರು, ಹಲ್ಲೆಲುಯ್ಯದವನ ಹೆಂಡತಿಯಲ್ಲವೇ ನಾನು. ಬಾಯಿ ತೆರೆದೆ. ಆರು ವರ್ಷ ಕೇಳಿದ ಐವತ್ತು ಹಾಡುಗಳಲ್ಲಿ ಒಂದಾದರೂ ಬರಬೇಕಲ್ಲ? ಬಂದದ್ದು ಆ ದರಿದ್ರ ಕಲ್ಲಿನ ಹಾಡೇ. ಒಂದು ಸಾಲು ಹೇಳಿ ನಿಲ್ಲಿಸಿದೆ, ಮಂದಿರದಲ್ಲಿ ಅವನು ಮಾಡುವ ಹಾಗೆ. ಹದಿಮೂರು ಬಾಯಿಗಳು ಅದನ್ನು ಎತ್ತಿಕೊಂಡವು. ಇನ್ನೊಂದು ಸಾಲು. ಅದನ್ನೂ ಎತ್ತಿಕೊಂಡವು. ಯೋಚನೆ ಮಾಡು ಸಾತುಕಾ, ಬಂದೂಕಿನ ಮುಂದೆ ನಿಂತು ಹದಿನಾಲ್ಕು ಜನ ಸೇರಿ ನನ್ನ ಮೊಂಡುತನದ ಮೇಲೆ ಹಾಡುತ್ತಿದ್ದೇವೆ.

ಇಲ್ಲಿಂದ ಮುಂದೆ ಬರೆಯಲು ನನಗೆ ನಾಚಿಕೆ. ಮೂರನೇ ಸಾಲು ಇದೆಯಲ್ಲ, ‘ನಿನ್ನ ಕೈಯ ಒಮ್ಮೆ ಇಡು’ ಎಂಬುದು, ಅದನ್ನು ಹೇಳಿದಾಗ ನನ್ನ ಹೆದರಿಕೆ ನಿಂತುಹೋಯಿತು. ಗಂಡನ ಹಾಡನ್ನು ಹೇಳಲು ಹೋಗಿ ನನಗಾಗಿ ನಾನೇ ಬೇಡಿಕೊಂಡುಬಿಟ್ಟೆ. ಎದೆಯಲ್ಲಿ ಆರು ವರ್ಷದಿಂದ ಬಿಗಿದಿದ್ದದ್ದು ಸಡಿಲವಾಯಿತು. ಮಕ್ಕಳ ಮುಖ ಕಂಡಿತು, ಜ್ವರದ ಮುಖವಲ್ಲ, ಒಳ್ಳೆಯ ದಿನದ ಮುಖ. ನನಗೆ ಸಂತೋಷವಾಯಿತು. ಇನ್ನೊಂದು ಮಾತು ಹುಡುಕಿದೆ, ಸಿಗಲಿಲ್ಲ. ಗುಂಡು ಹೊಡೆದರೂ ಹೊಡೆಯಲಿ ಎನ್ನುವಷ್ಟು ನೆಮ್ಮದಿ. ಇಷ್ಟು ವರ್ಷ ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ ಎಂದು ಗೊತ್ತಾಗಿ, ಆ ನೆಮ್ಮದಿಯ ಒಳಗೂ ನನಗೆ ಅವನ ಮೇಲೆ ಸಿಟ್ಟು ಬಂತು.

ಹಾಡು ಮುಗಿಸಿ ಮತ್ತೆ ಮೊದಲ ಸಾಲು ಎತ್ತಿದೆ, ಆಗ ನನ್ನ ಬೆನ್ನ ಹಿಂದಿನಿಂದ ‘ಮಡಕೆ’ ಎಂದು ಕೇಳಿಸಿತು.

ಲಿಯೊನ್ಸಿಯೊ ಬೇಕೆಂದು ಮಾಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಇಪ್ಪತ್ತು ವರ್ಷ ಆ ಧಾಟಿಯ ಮೇಲೆ ಮಡಕೆಯನ್ನೇ ಹಾಡಿದ ನಾಲಿಗೆ ಅದು. ಮೊದಲ ಸಲ ಕಲ್ಲು ಎಂದೇ ಅಂದಿದ್ದ. ಎರಡನೇ ಸಲ ನಾನು ಮೊದಲಿಂದ ಎತ್ತಿದಾಗ ಹೆದರಿಕೆಯಲ್ಲಿ ನಾಲಿಗೆ ಹಳೇ ದಾರಿಗೇ ಬಿತ್ತು. ನಾನು ಧ್ವನಿ ಏರಿಸಿದೆ, ಮುಚ್ಚಿಹೋಗಲಿ ಎಂದು. ಸಾರ್ಜೆಂಟ್ ಒಬ್ಬೊಬ್ಬರ ಬಾಯಿಗೂ ಕಿವಿ ಕೊಡುತ್ತ ಬರುತ್ತಿದ್ದ. ಲಿಯೊನ್ಸಿಯೊನ ಮುಂದೆ ನಿಂತ. “ಏನೋ ಹಾಡ್ತಿದೀಯ ನೀನು? ದೇವರಿಗೆ ಚಿಚಾ ಕುಡಿಸ್ತೀಯಾ?” ಎಂದ. ಲಿಯೊನ್ಸಿಯೊ ಟೋಪಿ ತೆಗೆದು, “ಹಾಡು ನಂದೇ ಸ್ವಾಮಿ. ಮಾತು ಹಳೇದೇ ಬಾಯಿಗೆ ಬಂದುಬಿಡ್ತು” ಎಂದ. ನಿಜವನ್ನೇ ಹೇಳಿದ. ಅವನನ್ನು ಸಾಲಿನಿಂದ ಎಳೆದು ತಮ್ಮ ಲಾರಿಗೆ ಹತ್ತಿಸಿಕೊಂಡು ಹೋದರು. ಅಷ್ಟೇ. ಆ ಭಾಗದ ಬಗ್ಗೆ ಇನ್ನು ಕೇಳಬೇಡ.

ನಮ್ಮನ್ನು ಬಿಟ್ಟರು. ಎಲ್ಲರೂ ಮತ್ತೆ ಲಾರಿ ಹತ್ತಿದರು. ನನ್ನ ಕಾಲು ಹತ್ತಲಿಲ್ಲ. ಹಾರ್ಪನ್ನು ಇಳಿಸಿಕೊಡಿ ಎಂದೆ. ಲಾರಿಯವನು, “ಹುಚ್ಚು ಹಿಡ್ದಿದೆಯಾ ತಾಯಿ, ಮೂರು ಹರದಾರಿ ಇದೆ” ಎಂದ. ಬೆನ್ನಿಗೆ ಕಟ್ಟಿಕೊಂಡು ನಡೆದೆ. ಅಷ್ಟು ದೊಡ್ಡದನ್ನು ಯಾಕೆ ಮಾಡುತ್ತಾರೋ! ಗಾಳಿಗೆ ತಂತಿಗಳು ದಾರಿಯುದ್ದಕ್ಕೂ ಗುಂಯ್ ಎನ್ನುತ್ತಿದ್ದವು, ನನ್ನ ಹೆಗಲ ಚರ್ಮ ಸುಲಿದುಹೋಯಿತು. ಅವನ ಹೆಂಡತಿ ಅಗ್ರಿಪೀನಾ ಬಾಗಿಲಲ್ಲಿ ನಿಂತು ಮೊದಲು ಹಾರ್ಪ್ ನೋಡಿದಳು, ಆಮೇಲೆ ಅದರ ಕೆಳಗಿದ್ದ ನನ್ನನ್ನು. ನಾನು ಏನೂ ಹೇಳುವ ಮೊದಲೇ ನೆಲಕ್ಕೆ ಕುಸಿದಳು. ಗುರುತಿನ ಚೀಟಿ ಇರಲಿಲ್ಲ ಎಂದು ಹಿಡಿದರು ಎಂದೆ. ಹಾಡಿನ ವಿಷಯ ಬಾಯಿಂದ ಬರಲಿಲ್ಲ.

ಮನೆಗೆ ಬಂದು ಗಂಡನಿಗೆ ಮಾತ್ರ ಎಲ್ಲವನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳಿದೆ, ಅಂದರೆ ಹೆಚ್ಚುಕಡಿಮೆ ಎಲ್ಲವನ್ನೂ. “ಕದ್ದೆಯಲ್ಲ ಅವನ ಹಾಡು, ಈಗ ನೋಡು ಏನಾಯ್ತು!” ಎಂದೆ. ಅವನು ಒಲೆಯ ಮುಂದೆ ಕೂತು ಅತ್ತ. ಆರು ವರ್ಷದಲ್ಲಿ ಮೊದಲ ಸಲ. ಮಕ್ಕಳ ಹೆಸರನ್ನೂ ಹಿಡಿದು ಅತ್ತ. ಅವನು ಅಳಲಿ ಎಂದು ಎಷ್ಟು ವರ್ಷ ಕಾದಿದ್ದೆ! ಆದರೆ ನನ್ನ ಹಣೆಬರಹ ನೋಡು, ಅವನು ಅಳುವಾಗ ನನ್ನೊಳಗೆ ಆ ನೆಮ್ಮದಿ ಹಾಗೇ ಕೂತಿತ್ತು. ಬುಧವಾರವೂ ಇತ್ತು, ಗುರುವಾರವೂ ಇತ್ತು. ಒಬ್ಬ ಮನುಷ್ಯನನ್ನು ಹಿಡಿದುಕೊಂಡು ಹೋಗಿದ್ದಾರೆ, ನಿನಗೆ ನಾಚಿಕೆಯಾಗುವುದಿಲ್ಲವೇ ಎಂದು ನನ್ನನ್ನೇ ಬೈದುಕೊಂಡೆ. ಲಿಯೊನ್ಸಿಯೊನನ್ನು ನೆನೆದು ಅಳು ಬರುತ್ತದೆ, ಅಳುತ್ತೇನೆ, ಅಳು ಮುಗಿದ ಮೇಲೆ ಅದು ಅಲ್ಲೇ ಇರುತ್ತದೆ. ಇದೆಂಥ ವರ, ಇದೆಂಥ ಪೀಡೆ! ಕೇಳದೇ ಇದ್ದಾಗ ಬಂತು, ಬೇಡ ಎಂದರೆ ಹೋಗುತ್ತಿಲ್ಲ.

ಇಂದು ಬೆಳಿಗ್ಗೆ ಮಂದಿರದಲ್ಲಿ ಹಾಡು ಹೇಳಿಕೊಡಲು ನಿಂತ ಗಂಡ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಬಾಗಿಲು ತೆರೆದಿದೆ, ಒಳಗೆ ಸದ್ದಿಲ್ಲ, ಯಾರಾದರೂ ನೋಡಿದರೆ ಏನೆಂದುಕೊಂಡಾರು! ನನಗೆ ತಡೆಯಲಾಗಲಿಲ್ಲ. ಕದಿರನ್ನು ಹೊರಗೇ ಬಿಟ್ಟು ಒಳಗೆ ಹೋಗಿ ನಿಂತೆ, ಮೊದಲ ಸಾಲು ಹೇಳಿದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರೇ ಹೊರತು ಹಾಡಲಿಲ್ಲ. “ಏನ್ ನೋಡ್ತಿದೀರಾ? ಹಾಡಿ!” ಎಂದು ಗದರಿದೆ. ಹಾಡಿದರು.

ಆಮೇಲೆ ಹಿರಿಯರೆಲ್ಲ ಕೂತು ಮಾತಾಡಿದರು. ಮಂದಿರದ ಹಿರಿಯರು ‘ಇವನು ನಮ್ಮವನು’ ಎಂದು ಬರೆದುಕೊಟ್ಟರೆ ಸೈನಿಕರ ಶಿಬಿರದವರು ಹಿಡಿದವರನ್ನು ಬಿಟ್ಟದ್ದುಂಟು. ಬರೆದುಕೊಡು ಎಂದರೆ ನನ್ನ ಗಂಡ, “ಅವನು ಒಂದು ದಿನವೂ ಒಳಗೆ ಬಂದೋನಲ್ಲ, ಸುಳ್ಳು ಹೇಗ್ ಬರೀಲಿ?” ಎನ್ನುತ್ತಾನೆ. ತಲೆ ಚಚ್ಚಿಕೊಳ್ಳಬೇಕು ಎನಿಸಿತು. ಒಬ್ಬನ ಪ್ರಾಣಕ್ಕಿಂತ ಇವನ ಸತ್ಯ ದೊಡ್ಡದೇ? ಆದರೆ ಅವನು ಮುಂದಕ್ಕೆ ಹೇಳಿದ: “ನಾಳೆ ನಾನೇ ಹೋಗ್ತೀನಿ. ಧಾಟಿ ಅವನ್ದು, ಕದ್ದೋನು ನಾನು ಅಂತ ಹೇಳ್ತೀನಿ. ಕದ್ದೋನನ್ನ ಇಟ್ಕೊಳ್ಳಿ, ಅವನನ್ನ ಬಿಡಿ ಅಂತೀನಿ.” ಅಳು ನಿಂತಿತ್ತು. ಮುಖದಲ್ಲಿ ಮತ್ತೆ ಆ ಹಾಳು ಶಾಂತಿ ಬಂದು ಕೂತಿತ್ತು. “ಇಬ್ರನ್ನೂ ಇಟ್ಕೋತಾರೆ ಕಣೋ ಪೆದ್ದ!” ಎಂದೆ. “ಇಟ್ಕೊಂಡ್ರೆ ಲಿಯೊನ್ಸಿಯೊಗೆ ಜೊತೆ ಆಗುತ್ತೆ” ಎಂದ. ಇಂಥವನ ಜೊತೆ ಏನು ಜಗಳವಾಡುವುದು, ನೀನೇ ಹೇಳು.

ನಾನೂ ಹೋಗುತ್ತಿದ್ದೇನೆ. ಒಬ್ಬನೇ ಬಿಟ್ಟರೆ ಸೈನಿಕರಿಗೆ ಉಪದೇಶ ಮಾಡುತ್ತ ನಿಲ್ಲುತ್ತಾನೆ, ಕೆಲಸ ಕೆಡುತ್ತದೆ. ಹೆದರಿಕೆ ಇಲ್ಲವೆಂದಲ್ಲ. ಆದರೂ ಹೋಗುತ್ತೇನೆ. ಹಾಜರಿಯ ದಿನ ನನ್ನ ಹೆಸರು ಕೂಗಿದರೆ ನೀನು ಉತ್ತರ ಕೊಡಬೇಡ, ಸುಳ್ಳು ಹೇಳಿ ನಿನ್ನ ಜಾಗವನ್ನೂ ಕಳೆದುಕೊಂಡೀಯ. ಆ ಮರಳು ಮಕ್ಕಳಿರುವ ಯಾರಿಗಾದರೂ ಹೋಗಲಿ. ಚಾಪೆಗಳನ್ನು ಮಾತ್ರ ಬಿಚ್ಚಿ ತಂದುಕೊ, ಅವು ನಿನ್ನ ದುಡಿಮೆ. ಕೆಮ್ಮಿಗೆ ಯೂಕಲಿಪ್ಟಸ್ ಎಲೆಯ ಹಬೆ ತೆಗೆದುಕೊ. ಉದಾಸೀನ ಮಾಡಬೇಡ.

ನಿನ್ನನ್ನು ಕಾಯಿಸಿದ, ನಿನ್ನ ಕ್ಷಮೆ ಕೇಳಲೂ ಮುಖವಿಲ್ಲದ ಅಕ್ಕ,
ಫೊರ್ತುನಾತಾ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಆ ಕಣಿವೆಯಲ್ಲಿ ಸಾರ್ಜೆಂಟ್ ಅವನನ್ನು ಎಳೆಯುವ ಮೊದಲು ನನ್ನ ಕಡೆ ತಿರುಗಿ ಕೇಳಿದ, “ಹಾಡ್ ಹೇಳ್ಕೊಟ್ಟೋಳೇ, ಇವನು ನಿಮ್ಮವನೇನು? ನೀನು ಹೂಂ ಅಂದ್ರೆ ಬಿಡ್ತೀನಿ.” ನಾನು, “ನಂಗ್ ಗೊತ್ತಿಲ್ಲ, ಇವನನ್ನ ನೋಡೇ ಇಲ್ಲ” ಎಂದೆ. ಲಿಯೊನ್ಸಿಯೊ ನನ್ನ ಮುಖ ನೋಡಿದ. ಆಮೇಲೆ ಸಾರ್ಜೆಂಟಿಗೆ, “ಹೌದು ಸ್ವಾಮಿ, ಈ ತಾಯಿ ಯಾರೋ ನಂಗೂ ಗೊತ್ತಿಲ್ಲ” ಎಂದುಬಿಟ್ಟ. ಇದು ನನ್ನ ಗಂಡನಿಗೆ ಗೊತ್ತಿಲ್ಲ, ಅಗ್ರಿಪೀನಾಗೂ ಗೊತ್ತಿಲ್ಲ. ನಾಳೆ ಶಿಬಿರದ ಬಾಗಿಲಲ್ಲಿ ನಿಂತು ನಾನು ‘ಅವನು ನಮ್ಮವನು’ ಎಂದಾಗ ಎಲ್ಲರಿಗೂ ಗೊತ್ತಾಗುತ್ತದೆ. ‘ನೋಡೇ ಇಲ್ಲ’ ಎಂಬ ಮಾತು ನನ್ನ ಬಾಯಿಂದ ಬಂದ ಮೇಲೂ ಆ ನೆಮ್ಮದಿ ನನ್ನನ್ನು ಬಿಟ್ಟು ಹೋಗಲಿಲ್ಲ, ಸಾತುಕಾ. ಬಿಟ್ಟು ಹೋಗಿದ್ದರೆ ನಾನೂ ಅವನನ್ನು ಬಿಟ್ಟು ಲೀಮಾಕ್ಕೆ ಬಂದುಬಿಡುತ್ತಿದ್ದೆ.